ಅಲಕಾದಿಯ ತಟ್ಟೆಯಲ್ಲಿ ನಾಲ್ಕು ಜಿಲ್ಲೆ

ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕು? ಬಂಗಾಳದ ರಾಜಧಾನಿಯ ನಡುವಿನ ಡಾಲ್‌ಹೌಸಿಯ ಕಚೇರಿಗಳಿಂದಲೋ, ಅವುಗಳ ಬೆನ್ನಿಗಿರುವ ಗಲ್ಲಿಯಲ್ಲಿ ಅಲಕಾ ಪ್ರಾಮಾಣಿಕ್ (ಎಲ್ಲರ ಬಾಯಲ್ಲಿ ಅಲಕಾದಿ, ಅಂದರೆ ಅಲಕಕ್ಕ) ನಡೆಸುವ ಅನ್ನ-ಮೀನಿನ ಹೋಟೆಲಿನಿಂದಲೋ? (ಓದುಗರೇ, ಹಸಿದಿದ್ದರೆ ನೀವು ಎರಡನೆಯದನ್ನೇ ಆರಿಸುತ್ತೀರಿ.)

೧. ಮೊದಲ ಕರಡು: ಅವಳ ಗಿರಾಕಿಗಳೆಲ್ಲ ದುಡಿಯುವ ಎದುರಿನ ವಿಮಾ ಕಚೇರಿಯನ್ನು ಊರಾಚೆಯ ನ್ಯೂಟೌನಿಗೆ ಸಾಗಿಸುವ ಮಾತು ನಡೆದಿದೆ. ತೀರ್ಮಾನಿಸಬೇಕಾದ ಸಾನ್ಯಾಲ್ ಬಾಬುವಿನ ಮುಂದೆ ಅಲಕಾ ಸೆರಗೊಡ್ಡಿ ಅಳುತ್ತಾಳೆ.

"ಥೂ!" ಎಂದಳು ಅಲಕಾ, ಕರಡಿನೊಳಗಿಂದಲೇ. "ನಾನ್ಯಾಕೆ ಅಳ್ಲಿ ದಾದಾ? ಮೀನು ಕ್ಯಾನಿಂಗ್ ಊರಿಂದು, ಸೊಪ್ಪು ಬಾರಾಸಾತಿಂದು, ಅಕ್ಕಿ ಬರ್ಧಮಾನಿಂದು, ಎಲೆತಟ್ಟೆ ಬಾಂಕುಡಾದ್ದು. ಒಂದು ಊಟದಲ್ಲಿ ನಾಲ್ಕು ಜಿಲ್ಲೆ ಬಡಿಸೋಳು ನಾನು! ಇಲ್ಲಿ ಕುರ್ಚಿ ಖಾಲಿಯಾದ್ರೆ ಅಲ್ಲಿ ಒಲೆ ಹತ್ತಲ್ಲ. ಅದನ್ನ ಬರೀರಿ."

(ದಾದಾ ಎಂದರೆ ಅಣ್ಣ; ಇಲ್ಲಿ ನಾನು.) ಕರಡನ್ನು ಹರಿದೆ.

೨. ಪ್ರಾದೇಶಿಕ ಅಭಿವೃದ್ಧಿ, ನಗರಕೇಂದ್ರದ ಉದ್ಯೋಗ, ಅಂಕಿಅಂಶ. (ಮೂರನೆಯ ವಾಕ್ಯಕ್ಕೆ ಲೇಖಕನೇ ತೂಕಡಿಸಿದ.)

೪. (ಮೂರು ಎಲ್ಲಿ ಎನ್ನಬೇಡಿ. ಅದರಲ್ಲಿ ಅಲಕಾಳಿಗೆ ಮದುವೆ ಮಾಡಿಸಲು ಹೊರಟಿದ್ದೆ. ಸಟ್ಟುಗದ ಏಟು ಬಿತ್ತು.) ಈ ಕರಡು ಅವಳದೇ. ತೀರ್ಮಾನದ ದಿನ ಅವಳು ನಾಲ್ಕೂ ಜಿಲ್ಲೆಗಳಿಂದ ಸರಕು ತರುವವರನ್ನೆಲ್ಲ ಮಧ್ಯಾಹ್ನದ ಊಟಕ್ಕೆ ಕೂರಿಸಿದಳು. ಬೆಂಚುಗಳು ತುಂಬಿದವು. ಜಾಗ ಬೇಕಾದವರು ಉಣ್ಣುವವರೊಬ್ಬರ ಬೆನ್ನ ಹಿಂದೆ ನಿಂತು, ಅವರು ಏಳುವವರೆಗೆ ಕಾಯುವುದು ಈ ಗಲ್ಲಿಯ ಪದ್ಧತಿ. ಅಧಿಕಾರಿಗೂ ಜವಾನನಿಗೂ ಅದೇ ನಿಯಮ. ಎಂದಿನಂತೆ ಊಟಕ್ಕೆ ಬಂದ ಸಾನ್ಯಾಲ್ ಬಾಬುವಿನ ಪಾಲಿಗೆ ಸಿಕ್ಕಿದ್ದು ಕ್ಯಾನಿಂಗಿನ ಮೀನುಗಾರ್ತಿ ಮನೋವಾರಾ ಬೀಬಿಯ ಬೆನ್ನು.

"ಮಾಶಿ, ಇನ್ನೂ ಎಷ್ಟೊತ್ತು?" ಎಂದ ಬಾಬು, ಚಿಕ್ಕಮ್ಮನನ್ನು ಕೇಳುವ ಸಲಿಗೆಯಲ್ಲಿ.

"ಮುಳ್ಳು ಬಿಡಿಸ್ತಿದೀನಿ ಬಾಬು. ನೀವು ದಿನಾ ತಿನ್ನೋ ಮೀನಿನ ಜೊತೆ ನಾನು ಟ್ರೇನಲ್ಲಿ ನಿಂತ್ಕೊಂಡೇ ಬರ್ತೀನಿ. ಒಂದಿನ ನೀವೂ ನಿಂತ್ಕೊಳ್ಳಿ, ಕಾಲೇನು ಬಿದ್ದೋಗಲ್ಲ!"

ಗಲ್ಲಿಯೇ ನಕ್ಕಿತು. ಸಾನ್ಯಾಲ್ ಬಾಬು ಬೆಂಚುಗಳುದ್ದಕ್ಕೂ ನೋಡಿ, "ಇವರೆಲ್ಲ ಯಾರು ಅಲಕಾದಿ?" ಎಂದ.

"ನಿಮ್ಮ ಆಫೀಸಿನವರೇ ಬಾಬು. ಹಾಜರಿ ಹಾಕಲ್ಲ, ಅಷ್ಟೆ."

ಅವಳು ತಲೆಯೆತ್ತಿ, ಇಡೀ ಬಂಗಾಳಕ್ಕೆ ಬಡಿಸುವವಳ ಠೀವಿಯಲ್ಲಿ, ಮನೋವಾರಾಳ ಎಲೆಗೆ ಇನ್ನೊಂದು ಸಟ್ಟುಗ ಅನ್ನ ಹಾಕಿದಳು. ಬಾಬುವಿನ ತೀರ್ಮಾನದ ಸಭೆಗೆ ಹೊತ್ತಾಗಿತ್ತು. ಅವನು ಕದಲಲಿಲ್ಲ.

೫. ಕಚೇರಿ ಉಳಿಯಿತು ಎಂದು ಬರೆಯಬಹುದು. ಹೋಯಿತು ಎಂದೂ ಬರೆಯಬಹುದು. ಎರಡಕ್ಕೂ ಸಿದ್ಧನಾಗಿ ಲೇಖನಿ ಎತ್ತಿದೆ.

"ಏಯ್ ದಾದಾ, ಮನೋವಾರಾ ಇನ್ನೂ ಉಣ್ತಿದಾಳೆ. ಉಣ್ಣೋರ್ನ ಯಾರಾದ್ರೂ ಎಬ್ಬಿಸ್ತಾರಾ?" ಅಲಕಾ ಗದರಿದಳು. "ಅಷ್ಟು ಅವಸರ ಇದ್ರೆ ಬಾಬು ಹಿಂದೆ ಹೋಗಿ ನಿಂತ್ಕೊಳ್ಳಿ."

ನಿಂತಿದ್ದೇನೆ. ಓದುಗರೇ, ನೀವು ನನ್ನ ಹಿಂದೆ.