ಜಗ್ಗಿದರೆ ಬಿಚ್ಚುವ ಗಂಟು

"ಇವನ ಕೈಗೆ ಮಗೂನ ಕೊಡೋದಕ್ಕಿಂತ, ಮಗೂನೂ ಇವನ್ನೂ ಸೇರಿಸಿ ಆ ನಾಯಿಮರಿ ಕೈಗೆ ಕೊಟ್ಟು ಕಳಿಸೋದು ವಾಸಿ" ಎಂದ ಭಾವ.

ಸೋಫಾದಲ್ಲಿ ಕೂತಿದ್ದ ಭಾವನ ಆಫೀಸಿನವರು ಚಹಾದ ಕಪ್ಪು ಹಿಡಿದುಕೊಂಡೇ ನಕ್ಕರು. ಒಬ್ಬರಿಗಂತೂ ನೆತ್ತಿಗೇರಿ ಕೆಮ್ಮು ಬಂತು. ಬಾಗಿಲಲ್ಲಿ ನಿಂತಿದ್ದ ಅವನ ಕಿವಿ ಕಾದ ಕಾವಲಿಯಾಯಿತು. ನಾಲಿಗೆ ತುದಿಗೆ ಬಂದ ಮಾತನ್ನು ಅಕ್ಕನ ಮುಖ ನೋಡಿ ನುಂಗಿಕೊಂಡ. ಲಾರಿಗೆ ಸರಕು ಕಟ್ಟುವ ತಮ್ಮನೂ ಸೋದರಮಾವನೇ, ಮಗಳು ಪುಟ್ಟಿ ಅವನ ಜೊತೆ ಒಂದು ಬೆಳಗ್ಗೆ ಓಡಾಡಿಕೊಂಡು ಬರಲಿ ಎಂದು ಅಕ್ಕ ಗಂಡನಿಗೆ ದುಂಬಾಲು ಬಿದ್ದು ಒಪ್ಪಿಸಿದ್ದಳು. ಭಾವ ಒಪ್ಪಿದ್ದು ಒಂದು ಮಾತಿನ ಮೇಲೆ. ಸಣ್ಣದೊಂದು ಎಡವಟ್ಟಾದರೂ ಆಮೇಲೆ ಮಗಳನ್ನು ಇವನ ಜೊತೆ ಬೀದಿ ತುದಿಯವರೆಗೂ ಬಿಡುವುದಿಲ್ಲ.

ಊರ ಹಿಂದಿನದು ಹೆಸರಿಗೆ ಗುಡ್ಡ. ಮುದುಕರು ಚಪ್ಪಲಿಯಲ್ಲೇ ಹತ್ತಿ, ಹರಟೆ ಮುಗಿಯುವ ಮೊದಲೇ ಇಳಿದುಬಿಡುತ್ತಾರೆ. ವಸಂತ ಬಂತೆಂದರೆ ಮಾತ್ರ ಅದನ್ನು ಹಿಡಿಯುವವರಿಲ್ಲ. ಯಾರೂ ಬಿತ್ತದ, ಯಾರೂ ನೀರು ಹಾಕದ ಹೂಗಳು, ಹಳದಿ, ನೇರಳೆ, ಕೆಲವು ಕಡೆ ಪುಟ್ಟಿಯ ತಲೆಗಿಂತ ಎತ್ತರಕ್ಕೆ. ಪುಟ್ಟಿ ಒಂದೊಂದಕ್ಕೂ ಒಂದೊಂದು ಹೆಸರಿಡುತ್ತಾ ನಡೆದಳು. ಇದು ಗುಂಡಿ ಹೂ, ಇದು ಟೀಚರ್ ಹೂ, ಇದು ಸ್ನಾನ ಮಾಡದ ಹೂ. ನಾಯಿಮರಿಗೆ ಗೊರಕೆ ಎಂದು ಹೆಸರಿಟ್ಟವಳೂ ಅವಳೇ. ಬಂದ ದಿನವೇ ಅದು ಭಾವನ ಬೂಟಿನೊಳಗೆ ತಲೆ ತೂರಿಸಿ ಗೊರಕೆ ಹೊಡೆದಿತ್ತು.

ಅವನಿಗೆ ಹೂ ಎಲ್ಲಿ ಕಾಣಬೇಕು? ಕಂಡದ್ದೆಲ್ಲ ಜೇನುನೊಣ, ಮುಳ್ಳು, ಹಾವಿರಬಹುದಾದ ಬಿಲ. ಎಲ್ಲಕ್ಕಿಂತ ಹೆಚ್ಚಾಗಿ, ಗುಡ್ಡದ ಆಚೆ ಮಗ್ಗುಲಿನ ಕಲ್ಲುಕ್ವಾರಿ. ಕೆಲಸ ನಿಂತು ಎಷ್ಟೋ ಕಾಲವಾಗಿ ಗುಂಡಿಯಲ್ಲಿ ನೀರು ತುಂಬಿತ್ತು. ಸುತ್ತ ಬೇಲಿ ಇರಲಿಲ್ಲ.

ಅದಕ್ಕೇ ಅವನು ಲಾರಿಯಿಂದ ಹಗ್ಗದ ತುಂಡೊಂದನ್ನು ತಂದಿದ್ದ. ಒಂದು ತುದಿ ಗೊರಕೆಯ ಕೊರಳಪಟ್ಟಿಗೆ, ಇನ್ನೊಂದು ಪುಟ್ಟಿಯ ಕೈಗೆ ಬಳೆಯ ಹಾಗೆ. ಸರಕು ಕಟ್ಟಿ ಕಟ್ಟಿ ಅವನ ಬೆರಳುಗಳಿಗೆ ರೂಢಿಯಾಗಿದ್ದದ್ದು ಒಂದೇ ಗಂಟು. ಎಷ್ಟು ಭಾರ ಬಿದ್ದರೂ ಸಡಿಲವಾಗದು. ಆದರೆ ಇಳಿಸುವಾಗ ನೇತಾಡುವ ತುದಿಯನ್ನು ಒಮ್ಮೆ ಜಗ್ಗಿದರೆ ಸರ್ರನೆ ಬಿಚ್ಚಿಕೊಳ್ಳಬೇಕು. ಕೈ ತಾನಾಗಿ ಅದನ್ನೇ ಕಟ್ಟಿತು. ನೇತಾಡುವ ತುದಿ ನಾಯಿಮರಿಯ ಬಾಯಿಗೇ ಸಿಗುವ ಹಾಗಿದೆ ಎಂಬುದು ತಲೆಗೆ ಹೊಳೆಯಲಿಲ್ಲ. ಲಾರಿ ಯಾವತ್ತೂ ತನ್ನ ಗಂಟನ್ನು ತಾನೇ ಕಚ್ಚಿದ್ದಿಲ್ಲವಲ್ಲ.

ಪುಟ್ಟಿ ಹೂ ಕೀಳಲು ಕೂತಾಗ ಫೋನು ಬಂತು. ಮೇಸ್ತ್ರಿ. ರಜೆ ಯಾರನ್ನು ಕೇಳಿ ಹಾಕಿದೆ ಎಂದು ಶುರುಮಾಡಿದ. ನಿನ್ನನ್ನೇ ಕೇಳಿದ್ದೆ ಎಂದು ಇವನು ಬೆನ್ನು ತಿರುಗಿಸಿ, ದನಿ ಏರಿಸಿ ಜಗಳಕ್ಕೆ ನಿಂತ. ಜಗಳ ದೊಡ್ಡದೇನಲ್ಲ. ಆದರೆ ಫೋನು ಜೇಬಿಗಿಟ್ಟು ತಿರುಗಿದಾಗ ಹಗ್ಗ ಮಾತ್ರ ನೆಲದಲ್ಲಿ ಬಿದ್ದಿತ್ತು. ಒಂದು ಕಡೆ ಪುಟ್ಟಿ ಕೈ ಜಾರಿಸಿಕೊಂಡ ಬಳೆ ಹಾಗೇ ಇತ್ತು, ಇನ್ನೊಂದು ಕಡೆ ಜೊಲ್ಲಿನಲ್ಲಿ ಒದ್ದೆಯಾದ ತುದಿ.

"ಪುಟ್ಟೀ!"

ಹೂಗಳು ಗಾಳಿಗೆ ಅತ್ತ ವಾಲಿದವು, ಇತ್ತ ವಾಲಿದವು. ಎಲ್ಲೆಲ್ಲೂ ಹಳದಿ. ಅವಳ ಫ್ರಾಕೂ ಹಳದಿಯೇ. ಕಾಲು ತಾನಾಗಿ ಕ್ವಾರಿಯ ಕಡೆ ಓಡಿತು. ಅಂಚಿನ ಕೆಸರಿನಲ್ಲಿ ಜಾರಿ, ಗಿಡ ಹಿಡಿದು ನಿಂತು ಬಗ್ಗಿ ನೋಡಿದ. ಹಸಿರು ನೀರು. ನಡುವೆ ಏನೋ ಗುಳುಕ್ ಎಂದಿತು. ಕಪ್ಪೆಯೊಂದು ತಲೆ ಎತ್ತಿ, ಇವನನ್ನು ನೋಡಿ, ಮುಳುಗಿತು.

ಭಯವೆಲ್ಲ ಸಿಟ್ಟಾಯಿತು. ಅವನಿಗೆ ಬೇರೆ ಥರ ಹೆದರಿ ಗೊತ್ತಿರಲಿಲ್ಲ. "ಎಲ್ಲಿ ಹಾಳಾಗಿ ಹೋದೆ? ಬಾ ಅಂದ್ರೆ ಬರ್ಬೇಕು!" ಎಂದು ಗಂಟಲು ಹರಿಯುವ ಹಾಗೆ ಕೂಗಿದ.

ಎದುರಿನ ಬಂಡೆ ಆ ಕೂಗನ್ನು ವಾಪಸ್ಸು ಕಳಿಸಿತು. ಕೇಳಿ ಅವನು ನಿಂತಲ್ಲೇ ನಿಂತ. ಅದು ಥೇಟ್ ಭಾವನ ದನಿ.

ಅಕ್ಕ ಹಿಂದೊಮ್ಮೆ ಹೇಳಿದ್ದು ಆಗ ನೆನಪಾಯಿತು. ಅವರು ದನಿ ಎತ್ತಿದರೆ ಸಾಕು, ಮಗು ಮಂಚದಡಿ ಸೇರಿ ಉಸಿರು ಬಿಗಿಹಿಡಿದುಬಿಡುತ್ತದೆ, ಎಷ್ಟು ಕರೆದರೂ ಓಗೊಡುವುದಿಲ್ಲ.

ಹೂ ಕಿತ್ತ ಜಾಗಕ್ಕೆ ವಾಪಸ್ಸು ಬಂದು ಕುಕ್ಕರಿಸಿದ. ದನಿಯನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸಿದ.

"ಗೊರಕೇ, ನಿನ್ನ ಯಜಮಾನಿ ಎಲ್ಲಪ್ಪಾ? ಒಂದೇ ಬಿಸ್ಕತ್ತು ಉಳಿದಿದೆ. ನಾನೇ ತಿಂದುಬಿಡ್ಲಾ?"

ಜೇಬಿನಿಂದ ಬಿಸ್ಕತ್ತು ತೆಗೆದು ಮುರಿದ. ಆ ಸದ್ದಿಗೆ ಕೈಯಳತೆಯಲ್ಲೇ ಇದ್ದ ಬಂಡೆಯ ಹಿಂದೆ ಹೂಗಳು ಅಲುಗಿದವು.

ಪುಟ್ಟಿ ಮುದುಡಿ ಕೂತಿದ್ದಳು. ಫ್ರಾಕಿನ ತುಂಬ ಕೆಸರು. ತೊಡೆಯ ಮೇಲೆ ಗೊರಕೆ, ಅದರ ಎರಡು ಕಿವಿಯ ಮೇಲೂ ಅವಳ ಅಂಗೈ.

"ಹೊಡೀತೀಯಾ?"

"ಇಲ್ಲ ಪುಟ್ಟಿ."

"ನನ್ನಲ್ಲ, ಮಾಮ. ಗೊರಕೇನ."

"ಅವನು ನಾಯಿ ಅಲ್ವಾ, ಕಚ್ಚಿ ಎಳ್ದ. ಆ ಗಂಟು ಕಟ್ಟಿದ್ದು ನಾನು."

ಪುಟ್ಟಿ ಅವನ ಮುಖವನ್ನು ಅಳೆದು ನೋಡಿ, ಅಂಗೈ ತೆಗೆದಳು. "ಯಾರಾದ್ರೂ ಕೂಗಿದ್ರೆ ಇವನ ಕಿವಿ ಮುಚ್ಚಬೇಕು. ಇಲ್ದಿದ್ರೆ ಹೊಟ್ಟೆನೋವು ಬರುತ್ತೆ. ನೀನು ತುಂಬಾ ಜೋರಾಗಿ ಕೂಗಿದೆ."

ಅವನು ಇಬ್ಬರನ್ನೂ ಎತ್ತಿಕೊಂಡ. ದಾರಿಯುದ್ದಕ್ಕೂ ಅವಳ ಕಾಲು ಹಿಡಿದ ಕೈ ಸಡಿಲವಾಗಲಿಲ್ಲ. ಬೀದಿಯ ನಲ್ಲಿಯಲ್ಲಿ ಫ್ರಾಕಿನ ಕೆಸರು ತೊಳೆಯಲು ನೋಡಿದ. ಅದು ಇನ್ನಷ್ಟು ಹರಡಿತು.

ಮನೆ ಬಾಗಿಲಲ್ಲಿ ಆಫೀಸಿನವರು ಬೂಟು ಹಾಕಿಕೊಳ್ಳುತ್ತಿದ್ದರು. ಭಾವ ಮಗಳನ್ನು ಮೇಲಿಂದ ಕೆಳಗೆ ನೋಡಿದ.

"ನಾನು ಹೇಳಿರ್ಲಿಲ್ವಾ? ದನ ಕಾಯೋಕೂ ಲಾಯಕ್ಕಿಲ್ಲದವನು ಮಗು ಕಾಯ್ತಾನಂತೆ. ಇದೇ ಮೊದಲು, ಇದೇ ಕೊನೆ."

ಅಕ್ಕ ಸೆರಗಿನ ಅಂಚು ತಿರುಚುತ್ತಾ ನಿಂತಳು. ಬೂಟು ಹಾಕಿಕೊಳ್ಳುತ್ತಿದ್ದವರು ಇವನೇನು ಹೇಳುತ್ತಾನೋ ಎಂದು ತಲೆ ಎತ್ತಿದರು. ಹೇಳುವುದಕ್ಕೇನು ಬರವೇ? ಒಂದು ಲಾರಿಗಾಗುವಷ್ಟಿತ್ತು. ಅವನು ಬಾಯಿ ತೆರೆದ.

ಪುಟ್ಟಿಯ ಎರಡು ಅಂಗೈಗಳು ಮೆಲ್ಲಗೆ ಗೊರಕೆಯ ಕಿವಿಯ ಕಡೆ ಏಳುತ್ತಿದ್ದವು.

ಅವನು ಬಾಯಿ ಮುಚ್ಚಿದ. ಉಳಿದಿದ್ದ ಅರ್ಧ ಬಿಸ್ಕತ್ತನ್ನು ಅವಳ ಕೈಗಿಟ್ಟು, ಹಗ್ಗವನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ಮೆಟ್ಟಿಲಿಳಿದು ಹೋದ.