ಮೂರು ತಿಂಗಳ ಗಾಳಿ

ಪ್ರೊಜೆಕ್ಟರಿನ ಬೆಳಕಿನಲ್ಲಿ ಧೂಳು ಎಷ್ಟು ಚೆಂದ ತೇಲುತ್ತದೆ, ಅವಸರವೇ ಇಲ್ಲ ಅದಕ್ಕೆ, ಫ್ಯಾನು ತಳ್ಳಿದತ್ತ ಹೋಗುತ್ತದೆ, ಪರೀಕ್ಷಕರು ಕನ್ನಡಕ ಏರಿಸಿ ಕೇಳಿದ್ದಾರೆ, ಎರಡನೇ ಜಲ್ಲಿ ಕ್ರಷರ್ ಬಂದ್ರೂ ಊರಿನ ಮೇಲೆ ಪರಿಣಾಮ ನಗಣ್ಯ ಅಂತ ಪ್ರಾಜೆಕ್ಟಲ್ಲಿ ಬರ್ದಿದ್ದೀರಿ, ಖಚಿತಾನಾ — ಹೌದು ಸರ್ ಅಂದರಾಯಿತು, ಅಷ್ಟೇ, ಎರಡು ಮಾತು, ಜೊತೆಗೆ ಓದುವ ಹುಡುಗರು ಬಾಗಿಲಲ್ಲೇ ಹೇಳಿ ಕಳಿಸಿದ್ದಾರೆ, ಅಂಕಲ್, ಏನ್ ಕೇಳಿದ್ರೂ ಹೌದು ಅಂದ್ಬಿಡಿ, ಟೀ ನಮ್ದು — ಹಗಲೆಲ್ಲ ಆಫೀಸಿನಲ್ಲಿ ಎಂಜಿನಿಯರುಗಳು ಗೀಚಿದ್ದಕ್ಕೆ ನೆಟ್ಟಗೆ ಗೆರೆ ಎಳೆದು ಸಂಜೆ ಕಾಲೇಜಿನ ಈ ಬೆಂಚಿಗೆ ಬಂದು ಕೂತೆ, ವರ್ಷಗಟ್ಟಲೆ ಕೂತೆ, ಮಗಳಿಗಿಂತ ನಿಮ್ಮ ಪರೀಕ್ಷೆ ಕಾಟವೇ ಜಾಸ್ತಿಯಾಯ್ತು ಈ ಮನೇಲಿ ಎನ್ನುತ್ತಾಳೆ ಹೆಂಡತಿ, ನಗುತ್ತಲೇ ಇನ್ಹೇಲರನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾಳೆ, ಇನ್ನೂ ಇದೆಯೋ ಮುಗಿಯಿತೋ, ದಿಂಬಿಗೊರಗಿದ ಮಗಳು ಉಸಿರೆಳೆದಾಗ ಕುತ್ತಿಗೆಯ ಬುಡದ ಗುಳಿ ಒಳಕ್ಕೆ ಹೋಗುತ್ತದೆ, ನನ್ನ ಹೆಬ್ಬೆರಳು ಹಿಡಿಸುವಷ್ಟು, ಆಮೇಲೆ ಮೆಲ್ಲಗೆ ಮೇಲೆ ಬರುತ್ತದೆ, ಬರುವ ತನಕ ನಾನೂ ಉಸಿರು ಬಿಡುವುದಿಲ್ಲ.

ಪರದೆಯ ಮೇಲೆ ನನ್ನ ಗಾಳಿಯ ನಕ್ಷೆ, ದುಂಡಗೆ, ದಳ ಬಿಚ್ಚಿದ ಹೂವಿನ ಹಾಗೆ, ಅಡುಗೆಮನೆಯ ಮೇಜಿನ ಮೇಲೆ ಬಣ್ಣ ತುಂಬಿದವಳು ಅವಳೇ, ಇದೇನಪ್ಪಾ ಒಂದು ದಳ ಮಾತ್ರ ಇಷ್ಟುದ್ದ, ಗಾಳಿ ಆ ಕಡೆಯಿಂದಲೇ ಹೆಚ್ಚು ಬರುತ್ತೆ ಪುಟ್ಟಿ, ನಮ್ಮ ಮನೆ ಕಡೆಯಿಂದ, ಕ್ರಷರಿನ ಧೂಳನ್ನ ಆಚೆ ಬಯಲಿಗೆ ಹೊತ್ಕೊಂಡು ಹೋಗುತ್ತೆ, ಹಾಗಾದ್ರೆ ನಂಗ್ಯಾಕೆ ದಮ್ಮು ಬರುತ್ತೆ — ಬಣ್ಣದ ಪೆನ್ಸಿಲ್ ಎತ್ತಿ ಹಿಡಿದು ಕೇಳಿದಳು, ನಾನು ಅದರ ಮೊನೆ ಹೆರೆದುಕೊಟ್ಟೆ, ಅಷ್ಟೇ ಮಾಡಿದೆ — ಅಳೆದದ್ದು ಚಳಿಗಾಲದ ಮೂರು ತಿಂಗಳು, ನಿಯಮ ಅಷ್ಟೇ ಕೇಳುತ್ತದೆ, ಬೇಸಿಗೆ ಬಂತೆಂದರೆ ಹೂವೇ ತಿರುಗಿಬಿಡುತ್ತದೆ, ಬಯಲಿನಿಂದ ಬೀಸಿ ಕ್ರಷರ್ ದಾಟಿ ನೇರ ಅವಳ ಶಾಲೆಯ ಕಿಟಕಿಗೆ, ಈ ಮಾತು ಅವಳಿಗೆ ಹೇಳಲಿಲ್ಲ, ಮಾರ್ಗದರ್ಶಕರಿಗೆ ಹೇಳಿದ್ದೆ, ಸರ್, ಬೇಸಿಗೇದೂ ಅಳೆಯೋಣ, ಅವರು ಬೆನ್ನು ತಟ್ಟಿದರು, ಏನಯ್ಯಾ ಹಿರಿಯಾ, ಕೇಳದೇ ಇರೋ ಪ್ರಶ್ನೆಗೆ ಉತ್ತರ ಬರೆದ್ರೆ ಮಾರ್ಕ್ಸ್ ಕೊಡ್ತಾರಾ, ನಿನ್ನ ಅಧ್ಯಾಯ ಹಾಗೇ ಎತ್ತಿ ಕ್ರಷರಿನವರಿಗೆ ನಾನು ಬರ್ದುಕೊಡೋ ವರದಿಗೆ ಹಾಕ್ತೀನಿ, ಅವರಿಗೆ ಅನುಮತಿ, ನಿಂಗೆ ಪದವಿ, ಯಾರಿಗೇನು ನಷ್ಟ — ಪರೀಕ್ಷಕರ ಪಕ್ಕದಲ್ಲೇ ಕೂತಿದ್ದಾರೆ ಈಗ, ನನಗೆ ಮಾತ್ರ ಕಾಣುವ ಹಾಗೆ ತಲೆಯಾಡಿಸುತ್ತಿದ್ದಾರೆ, ಇಲ್ಲ ಎಂದರೆ ಮತ್ತೊಂದು ವರ್ಷ ಇದೇ ಬೆಂಚು, ಮತ್ತೊಂದು ವರ್ಷ ಬೇರೆಯವರ ಗೆರೆ, ಹೌದು ಎಂದರೆ ಒಳ್ಳೆಯ ಸಂಬಳ, ಮನೆ ಬದಲಿಸಬಹುದು, ದೂರ ಹೋಗಬಹುದು, ನಾವು ಹೋಗಬಹುದು, ಅವಳ ತರಗತಿಯ ಬಾಕಿ ಮಕ್ಕಳು — ಏನ್ರೀ, ನಿಮ್ಮನ್ನೇ ಕೇಳಿದ್ದು, ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು, ಹೌದು ಸರ್, ಅಂದೆ, ನನ್ನದೇ ದನಿ, ಆ ಮೂರು ತಿಂಗಳು ಮಾತ್ರ ಎಂಬುದು ನಾಲಿಗೆ ತುದಿಯವರೆಗೆ ಬಂದಿತ್ತು, ಅಲ್ಲೇ ಉಳಿಯಿತು, ಸಹಿ ಬಿತ್ತು, ಇನ್ಮೇಲೆ ಎಂಜಿನಿಯರ್ ಸಾಹೇಬ್ರು ಅನ್ಬೇಕು ನಿಮ್ಮನ್ನ, ಮಾರ್ಗದರ್ಶಕರು ನಕ್ಕರು, ಯಾರೋ ಸೆಖೆ ಎಂದು ಕಿಟಕಿ ತೆರೆದರು, ಬೆಳಕಿನಲ್ಲಿದ್ದ ಧೂಳೆಲ್ಲ ಒಂದೇ ಸಲ ದಿಕ್ಕು ಬದಲಿಸಿತು, ನನ್ನ ಕಡೆಗೆ, ಬಾಗಿಲ ಕಡೆಗೆ, ಮನೆಯ ಕಡೆಗೆ, ದಿಂಬು, ಕುತ್ತಿಗೆಯ ಬುಡ, ಆ ಗುಳಿ, ಒಳಕ್ಕೆ ಹೋಯಿತು, ಒಳಕ್ಕೆ, ಇನ್ನೂ ಮೇಲೆ ಬಂದಿಲ್ಲ