ಲಿಂಡನ್ ನಿಲಯದ ಸಾಲಕ್ಕೆ ಊರಿನ ಹೆಸರು

"ಈ ಸಾಲ ಊರಿನದಲ್ಲ" ಎಂದು ಹೇಳಿ ಹೇಳಿ ಮಾರ್ಲಿಸ್ ಟೊರ್ಗರ್ಸನ್‌ಳ ಗಂಟಲ ಪಸೆ ಆರಿತ್ತು. ಚರ್ಚಿನ ಶುಕ್ರವಾರದ ಮೀನೂಟದ ಸಾಲಿನಲ್ಲಿ ಹೇಳಿದ್ದಳು, ಪೆಟ್ರೋಲ್ ಬಂಕಿನಲ್ಲಿ ಹೇಳಿದ್ದಳು, ಹಲ್ಲಿನ ಡಾಕ್ಟರು ಬಾಯಿ ತುಂಬ ಹತ್ತಿ ತುರುಕಿ "ಸಾಲ ಊರಿನ ಮೇಲೆ ಬೀಳುತ್ತಾ?" ಎಂದು ಕೇಳಿದಾಗಲೂ ಉಗುಳು ನುಂಗುತ್ತ ಹೇಳಿದ್ದಳು.

ಅವಳು ಲಿಂಡನ್ ನಿಲಯ ನಡೆಸುವವಳು. ಪಾರ್ಶ್ವವಾಯು ಬಡಿದವರು, ಕಾಲು ಕಳೆದುಕೊಂಡವರು ಇರುವ, ಲಾಭದ ಆಸೆಯಿಲ್ಲದೆ ನಡೆಯುವ ಮನೆ ಅದು. ವಿಸ್ಕಾನ್ಸಿನ್‌ನಲ್ಲಿ, ನದಿ ತಿರುಗುವಲ್ಲಿರುವ ಎಲ್ಮ್‌ರಾತ್ ಎಂಬ ಪುಟ್ಟ ನಗರದಲ್ಲಿತ್ತು. ಅಲ್ಲಿಯ ಲಿಫ್ಟ್ ಕೆಟ್ಟರೆ ಯಾರಾದರೂ ಹೊತ್ತು ಇಳಿಸುವವರೆಗೆ ಮೇಲಿನ ಅಂತಸ್ತಿನವರು ಮೇಲೆಯೇ ಬಂದಿ. ಅದರ ಬಿಡಿಭಾಗ ಮಾಡುತ್ತಿದ್ದ ಕಂಪನಿಯೇ ಮುಚ್ಚಿಹೋಗಿತ್ತು. ಒಂದೇ ಅಂತಸ್ತಿನ ಹೊಸ ಕಟ್ಟಡ ಕಟ್ಟಬೇಕು ಎಂದು ಸಂಸ್ಥೆಯವರು ತೀರ್ಮಾನಿಸಿದರು. ಆದರೆ ಬ್ಯಾಂಕು ಹೇಳಿದ ಬಡ್ಡಿ ಅವರ ಕೈಗೆಟುಕುವಂತಿರಲಿಲ್ಲ.

ಉಳಿದದ್ದು ಒಂದೇ ದಾರಿ. ನಗರಸಭೆ ತನ್ನ ಹೆಸರಿನಲ್ಲಿ ಬಾಂಡ್, ಅಂದರೆ ಸಾಲಪತ್ರ, ಹೊರಡಿಸಬೇಕು. ಅದನ್ನು ಕೊಂಡವರಿಗೆ ಬರುವ ಬಡ್ಡಿಗೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಅವರು ಕಡಿಮೆ ಬಡ್ಡಿಗೇ ಹಣ ಕೊಡುತ್ತಾರೆ. ಹಣ ನೇರ ಲಿಂಡನ್ ನಿಲಯಕ್ಕೆ, ತೀರಿಸುವುದೂ ಲಿಂಡನ್ ನಿಲಯವೇ. ಮದುವೆ ಕಾಗದದಲ್ಲಿ ಮನೆತನದ ಹಿರಿಯರ ಹೆಸರು ಅಚ್ಚಾದ ಮಾತ್ರಕ್ಕೆ ಊಟದ ಖರ್ಚು ಅವರ ಮೇಲೆ ಬೀಳುತ್ತದೆಯೇ? ಅಷ್ಟೇ ಸಂಗತಿ. ಆದರೆ ಊರವರ ಮುಂದೆ ಸಭೆ ನಡೆದು ನಗರಸಭೆ ಒಪ್ಪಬೇಕು ಎಂಬುದು ಕಾನೂನು.

ಮೊದಲ ಸಭೆ ನೀರಿನಲ್ಲಿ ಹೋಮವಾಯಿತು. ಪತ್ರಿಕೆಯ ಪ್ರಕಟಣೆಯಲ್ಲಿ ಹೊಸ ಕಟ್ಟಡದ ವಿಳಾಸ ಪಶ್ಚಿಮ ಮಿಲ್ ಬೀದಿ ಎಂಬುದು ಪೂರ್ವ ಮಿಲ್ ಬೀದಿ ಎಂದು ಅಚ್ಚಾಗಿ, ವಕೀಲರು "ಮತ್ತೆ ಮೊದಲಿಂದ" ಎಂದುಬಿಟ್ಟರು.

ಎರಡನೆಯ ಸಭೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಮುಚ್ಚಿ ಆರಾಮಾಗಿದ್ದ ಆರ್ವಿಲ್ ಟೆಶ್ ಎದ್ದು ಮೈಕ್ ಹಿಡಿದ.

"ನಾಳೆ ನೀವು ದಿವಾಳಿ ಎದ್ರೆ ನಮ್ಮ ತಲೆ ಮೇಲೆ ತಾನೆ ಬೀಳೋದು?"

"ಇಲ್ಲ ಆರ್ವಿಲ್. ಬಾಂಡ್ ತಗೊಂಡೋರು ನಮ್ಮ ಕಟ್ಟಡಕ್ಕೆ ಬೀಗ ಹಾಕ್ತಾರೆ. ನಿಮ್ಮ ಮನೆ ಬಾಗಿಲಿಗೆ ಬರಲ್ಲ."

"ಮತ್ತೆ ಊರಿನ ಹೆಸರು ಯಾಕೆ?"

"ಬಡ್ಡಿ ಕಮ್ಮಿಯಾಗ್ಲಿ ಅಂತ."

"ನೋಡಿದ್ರಾ!" ಆರ್ವಿಲ್ ಸಭೆಯತ್ತ ತಿರುಗಿದ. "ಒಳಗೇನೋ ಇದೆ!"

ಮೇಯರ್ ಡ್ವೇನ್ ಕುಬಿಯಾಕ್ ಗಲ್ಲ ತುರಿಸಿಕೊಂಡ. "ಜನಕ್ಕೆ ಅನುಮಾನ ಇದೆ ಮಾರ್ಲಿಸ್. ಮುಂದಿನ ಸಭೆಗೆ ಇಟ್ಕೊಳ್ಳೋಣ."

"ಆ ಹೊತ್ತಿಗೆ ನೆಲ ಹೆಪ್ಪುಗಟ್ಟಿರುತ್ತೆ ಡ್ವೇನ್! ಪಾಯ ತೋಡೋಕಾಗಲ್ಲ."

"ಚಳಿಗಾಲ ನಾನು ತಂದ್ನಾ ಮಾರಾಯ್ತಿ?"

ಹೊರಗೆ ಬಂದು ಕಾರಿನಲ್ಲಿ ಕೂತ ಮಾರ್ಲಿಸ್ ಸಿಟ್ಟು ತಡೆಯಲಾರದೆ ಸ್ಟೀರಿಂಗಿಗೆ ಗುದ್ದಿದಳು. ಹಾರ್ನ್ ಕಿರುಚಿತು. ತನ್ನನ್ನೇ ಮಾತಾಡಿಸಿದಳೆಂದುಕೊಂಡು, ಆಚೆ ಮೆಟ್ಟಿಲಿಳಿಯುತ್ತಿದ್ದ ಆರ್ವಿಲ್ ಪ್ರೀತಿಯಿಂದ ಕೈಬೀಸಿದ.

ಮೂರನೆಯ ಸಭೆಯ ದಿನ ಬೆಳಿಗ್ಗೆಯೇ ಲಿಫ್ಟ್ ಕೈಕೊಟ್ಟಿತು. ಮೇಲಿನ ಅಂತಸ್ತಿನ ಬರ್ನೀಸ್ ಪಾವ್ಲಾಕ್ ಮಾರ್ಲಿಸ್‌ಳನ್ನು ಕರೆಸಿದಳು. ಒಂದು ಕಾಲದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ ಹೆಂಗಸು. ಸಕ್ಕರೆ ಕಾಯಿಲೆ ಒಂದು ಕಾಲನ್ನು ತಿಂದಿತ್ತು, ಬಾಯಿಯನ್ನು ಮುಟ್ಟಿರಲಿಲ್ಲ.

"ನಾನೂ ಸಭೆಗೆ ಬರ್ತೀನಿ."

"ಹೇಗೆ ಬರ್ತೀರಿ? ಲಿಫ್ಟ್ ಸತ್ತಿದೆ."

"ಸತ್ರೆ ಹೂಳು. ಫೈರ್‌ನವರನ್ನ ಕರಿ, ಯಾವಾಗ್ಲೂ ಕರೆಯೋ ಹಾಗೆ."

ಅಗ್ನಿಶಾಮಕದವರು ಬಂದರು. ಗಾಲಿಕುರ್ಚಿ ಸಮೇತ ಅವಳನ್ನು ಎತ್ತಿ ಏದುಸಿರು ಬಿಡುತ್ತ ಇಳಿಸಿದರು. "ಹುಷಾರ್ರೋ, ನಾನು ಕಿರಾಣಿ ಮೂಟೆ ಅಲ್ಲ" ಎಂದು ಅವಳು ಮೆಟ್ಟಿಲುದ್ದಕ್ಕೂ ಗದರಿದಳು.

ಸಭೆಯಲ್ಲಿ ಆರ್ವಿಲ್ ಹಳೆಯ ರಾಗವನ್ನೇ ಎಳೆದ. ಮಾರ್ಲಿಸ್ ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಬರ್ನೀಸ್ ಸರದಿ ಕಾಯದೆ ಕುರ್ಚಿ ಉರುಳಿಸಿಕೊಂಡು ಮುಂದೆ ಹೋದಳು.

"ಏ ಆರ್ವಿಲ್, ನಿನ್ನ ಮಕ್ಕಳನ್ನ ದಿನಾ ಸ್ಕೂಲಿಗೆ ಸಾಗಿಸಿದೋಳು ನಾನು. ಇವತ್ತು ನನ್ನ ಯಾರು ಹೊತ್ಕೊಂಡು ಇಳಿಸಿದ್ರು ಗೊತ್ತಾ? ಫೈರ್‌ನವರು. ಅವರಿಗೆ ಸಂಬಳ ಯಾರು ಕೊಡ್ತಾರೆ?"

"ಊರು."

"ಅಂದ್ರೆ ಯಾರಯ್ಯ?"

ಆರ್ವಿಲ್ ಟೋಪಿ ತಿರುಗಿಸಿದ. "ನಾವೇ."

"ಹ್ಞಾಂ. ಲಿಫ್ಟ್ ಕೆಟ್ಟಾಗೆಲ್ಲ ನಿನ್ನ ದುಡ್ಡಲ್ಲೇ ನನ್ನ ಮೆರವಣಿಗೆ. ಹೊಸ ಮನೆ ಕಟ್ಟಿದ್ರೆ ಅದು ನಿಲ್ಲುತ್ತೆ. ಈ ಹುಡುಗಿ ಅದೊಂದನ್ನ ಬಿಟ್ಟು ಬಾಕಿ ಎಲ್ಲಾ ಹೇಳಿದಾಳೆ."

ಸಭೆ ಗೊಳ್ಳೆಂದು ನಕ್ಕಿತು. ಐವತ್ತು ದಾಟಿದ 'ಹುಡುಗಿ'ಗೆ ಮುಖವೆಲ್ಲ ಬಿಸಿಯಾಯಿತು. ಬರ್ನೀಸಳನ್ನು ಅಪ್ಪಿಕೊಳ್ಳಬೇಕೆನ್ನಿಸಿತು, ಇಷ್ಟು ದಿನ ಇದನ್ನು ಹೇಳದೆ ಎಲ್ಲಿದ್ದಿರಿ ಎಂದು ಜಗಳವಾಡಬೇಕೆಂದೂ ಅನ್ನಿಸಿತು.

ನಿರ್ಣಯ ಪಾಸಾಯಿತು. ಸದಸ್ಯನೊಬ್ಬ ಮಾತ್ರ "ತತ್ವಕ್ಕೋಸ್ಕರ" ವಿರೋಧಿಸಿದ. ಯಾವ ತತ್ವ ಎಂದು ಕೇಳುವ ತ್ರಾಣ ಮಾರ್ಲಿಸ್‌ಗೆ ಉಳಿದಿರಲಿಲ್ಲ.

ಬಾಂಡ್‌ಗಳೇನೋ ಬೇಗ ಮಾರಾಟವಾದವು. ಆದರೆ ಅವಳು ಹೆದರಿದಂತೆಯೇ ನೆಲ ಕಲ್ಲಾಗಿತ್ತು. ವಸಂತದವರೆಗೆ ಕಾಯಬೇಕಾಯಿತು, ಅಷ್ಟರಲ್ಲಿ ಮರದ ಬೆಲೆ ಏರಿತು. ನದಿಯ ಕಡೆಗೆ ಕಟ್ಟಬೇಕಿದ್ದ ಜಗುಲಿಯನ್ನು ನಕ್ಷೆಯಿಂದ ತೆಗೆದುಹಾಕಿದಾಗ ಮಾರ್ಲಿಸ್ ಎರಡು ದಿನ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ.

ಎಲೆ ಉದುರುವ ಕಾಲಕ್ಕೆ ಎಲ್ಲರೂ ಹೊಸ ಮನೆಗೆ ಬಂದರು. ಬರ್ನೀಸ್ ಕಿಟಕಿಯಾಚೆ ನೋಡಿ ಮೂಗು ಮುರಿದಳು.

"ಬರೀ ಕಾರುಗಳು. ನದಿ ಎಲ್ಲಿ?"

"ಆ ಕಡೆ. ಇಷ್ಟೆಲ್ಲ ಆದ್ಮೇಲೂ ನಿಮಗೆ ಕೊರತೆಯೇನಾ?"

ಬರ್ನೀಸ್ ಕುರ್ಚಿ ತಿರುಗಿಸಿ, ಯಾರನ್ನೂ ಕರೆಯದೆ, ಹೊಸ್ತಿಲೇ ಇಲ್ಲದ ಬಾಗಿಲು ದಾಟಿ ಸೀದಾ ಹೊರಗೆ ಹೊರಟಳು. ಕಟ್ಟಡದ ಮೂಲೆ ಬಳಸಿ ನೀರಿನತ್ತ ಹೋಗುವ ಹಾದಿ ಹಿಡಿದಳು.

"ಹೊರಗೆ ಚಳಿ ಇದೆ! ಕೋಟಾದ್ರೂ ಹಾಕ್ಕೊಳಿ!"

ಕೇಳಿಸಲಿಲ್ಲವೋ, ಕೇಳಿಸದಂತೆ ಇದ್ದಳೋ. ಮಾರ್ಲಿಸ್ ಗೊಣಗುತ್ತ ಕೋಟು ಎತ್ತಿಕೊಂಡು ಹಿಂದೆ ಓಡಿದಳು.